ಸಮಾಜಸೇವೆ, ಸಂಸಾರ, ಅತಿಥಿಸತ್ಕಾರದಲ್ಲೇ ಕಳೆದ ತುಂಬುಬಾಳು: ನೆನಪಿನ ಪುಸ್ತಕ ಹೇಗೆ ಮಾಡುವುದು?

ಹಳೇಪೆಟ್ಟಿಗೆ (ಪ್ರಶ್ನೆ)

88 ವರ್ಷ ಬಾಳಿದ ಹಿರಿಯರೊಬ್ಬರ ನೆನಪಿನ ಪುಸ್ತಕ ತರುವ ಕೆಲಸ ಕೈಗೆ ಬಂದಿದೆ. ಗ್ರಂಥಾಲಯ ಸಮಿತಿ, ರಕ್ತದಾನ ಶಿಬಿರ, ಬಡ ವಿದ್ಯಾರ್ಥಿಗಳ ವಸತಿ ಎಂದು 40 ವರ್ಷ ಓಡಾಡಿದವರು. ದೊಡ್ಡ ಸಂಸಾರ. ಬಾಗಿಲಿಗೆ ಯಾರೇ ಬಂದರೂ ಉಣ್ಣದೆ ಹೋಗಗೊಡದ ಮನೆ.

ಕೈಯಲ್ಲಿರುವುದು ಎರಡು ಟ್ರಂಕ್ ಕಾಗದಪತ್ರ, 400ರಷ್ಟು ಫೋಟೊ, ಮೂರು ಕ್ಯಾಸೆಟ್. ಅವರನ್ನು ಹತ್ತಿರದಿಂದ ಬಲ್ಲ 18 ಜನ ಮಾತಾಡಲು ಒಪ್ಪಿದ್ದಾರೆ. ನಾಲ್ಕು ತಿಂಗಳಲ್ಲಿ 64 ಪುಟದ ಪುಸ್ತಕ ಅಚ್ಚಾಗಿ ಬರಬೇಕು. ಬಿಡುಗಡೆಯ ದಿನ ಐದು ನಿಮಿಷದ ಮಾತೂ ಇದೆ.

ಈವರೆಗೆ ಬಂದ ಲೇಖನಗಳಲ್ಲೆಲ್ಲ ‘ಸರಳ ಸಜ್ಜನಿಕೆಯ ಮೂರ್ತಿ’, ‘ಅಜಾತಶತ್ರು’, ‘ಕೊಡುಗೈ ದಾನಿ’ ಇವೇ ಇವೆ. ಹೆಸರು ಬದಲಿಸಿದರೆ ಯಾರಿಗೆ ಬೇಕಾದರೂ ಹೊಂದುತ್ತವೆ. ಎಲ್ಲಿಂದ ಶುರು ಮಾಡಬೇಕು, ಏನು ಕೇಳಬೇಕು, ಇಸವಿಗಳನ್ನು ಖಾತ್ರಿ ಮಾಡಿಕೊಳ್ಳುವುದು ಹೇಗೆ? ಮಾಡಿ ಗೊತ್ತಿರುವವರು ದಯವಿಟ್ಟು ವಿವರವಾಗಿ ತಿಳಿಸಿ.

ದಫ್ತರ

ನೀವು ಹೇಳಿದ ಮೂರು ಕೆಲಸಗಳೂ ಒಂದೇ ಬಗೆಯ ಕುರುಹು ಬಿಡುವುದಿಲ್ಲ. ಸಾರ್ವಜನಿಕ ಕೆಲಸ ಕಾಗದ ಬಿಡುತ್ತದೆ: ನಡವಳಿ ಪುಸ್ತಕ, ರಸೀದಿ, ಆಹ್ವಾನಪತ್ರ, ಗೋಡೆಯ ಮೇಲಿನ ಕಲ್ಲು. ಸಂಸಾರ ಫೋಟೊ ಬಿಡುತ್ತದೆ, ಪತ್ರ ಬಿಡುತ್ತದೆ. ಸತ್ಕಾರ ಏನನ್ನೂ ಬಿಡುವುದಿಲ್ಲ, ಬಂದುಹೋದವರ ನೆನಪು ಬಿಟ್ಟರೆ. ಎಲ್ಲರೂ ಟ್ರಂಕು ಬಿಚ್ಚಿ ಕೂರುತ್ತಾರೆ, ಮೂರು ತಿಂಗಳು ಕಳೆಯುತ್ತದೆ, ಅಷ್ಟರಲ್ಲಿ 80 ದಾಟಿದ ಇಬ್ಬರು ಹಾಸಿಗೆ ಹಿಡಿದಿರುತ್ತಾರೆ. ಮೊದಲ ನಾಲ್ಕು ವಾರ ಜನರಿಗೆ ಕೊಡಿ. 18 ಜನರ ಪಟ್ಟಿಯನ್ನು ಸ್ಥಾನಮಾನ ನೋಡಿ ಜೋಡಿಸಬೇಡಿ, ವಯಸ್ಸು ಮತ್ತು ಆರೋಗ್ಯ ನೋಡಿ ಜೋಡಿಸಿ. ಕಿವಿ ಮಂದವಾಗುತ್ತಿರುವವರು, ಮರೆವು ಶುರುವಾದವರು ಮೊದಲು.

ಟ್ರಂಕಿನ ವಿಷಯ. ತೆಗೆದ ಕೂಡಲೇ ಕಾಗದಗಳನ್ನು ಇಸವಿವಾರು ವಿಂಗಡಿಸಲು ಹೋಗಬೇಡಿ. ಅವರು ಕಟ್ಟಿಟ್ಟ ಕಟ್ಟುಗಳೇ ಒಂದು ದಾಖಲೆ. ಒಂದು ರಸೀದಿ ಪುಸ್ತಕದ ಜೊತೆ ಒಂದು ಪತ್ರ ಮಡಚಿಟ್ಟಿದ್ದರೆ ಅದಕ್ಕೆ ಕಾರಣ ಇರುತ್ತದೆ, ಬೇರೆ ಮಾಡಿದ ಮೇಲೆ ಆ ಕಾರಣ ಸಿಗುವುದಿಲ್ಲ. ಪ್ರತಿ ಕಟ್ಟಿಗೂ ಒಂದು ಚೀಟಿ ಇಡಿ (ಟ್ರಂಕು 1, ಕಟ್ಟು 7, ಹಾಳೆ 23 ಹೀಗೆ), ಮೇಲಿನಿಂದ ಕೆಳಕ್ಕೆ ಅದೇ ಕ್ರಮದಲ್ಲಿ ಫೋಟೊ ತೆಗೆಯಿರಿ, ಆಮೇಲೆ ಓದಿ. ತುಕ್ಕು ಹಿಡಿದ ಸ್ಟೇಪ್ಲರ್ ಪಿನ್ನು, ರಬ್ಬರ್ ಬ್ಯಾಂಡ್ ತೆಗೆಯಬೇಕು. ಆದರೆ ಎಳೆಯಬೇಡಿ. ಪಿನ್ನಿನ ಕೆಳಗೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ತೂರಿಸಿ ಕಾಲು ಬಿಡಿಸಿ. ಕಾಗದಕ್ಕೆ ಸೆಲ್ಲೋಟೇಪು ಹಚ್ಚಲೇಬೇಡಿ, ಅಂಟು ಹಳದಿಯಾಗಿ ಅಕ್ಷರದೊಳಗೆ ಇಳಿಯುತ್ತದೆ. ಪತ್ರಿಕೆಯ ತುಣುಕುಗಳನ್ನು ಬೇರೆ ಲಕೋಟೆಗೆ ಹಾಕಿ. ಆ ಕಾಗದದಲ್ಲಿ ಆಮ್ಲ ಹೆಚ್ಚು, ಪಕ್ಕದಲ್ಲಿಟ್ಟ ಒಳ್ಳೆಯ ಪತ್ರಕ್ಕೂ ಕಂದು ಕಲೆ ಬರುತ್ತದೆ.

ಇಸವಿಗೆ ಒಂದು ಪಟ್ಟಿ ಮಾಡಿ, ನಾಲ್ಕೇ ಕಲಂ: ವರ್ಷ, ಏನಾಯಿತು, ಆಧಾರ ಯಾವುದು, ಎಷ್ಟು ಖಾತ್ರಿ. ಆ ಕಾಲದಲ್ಲೇ ಬರೆದ ಕಾಗದ ಇದ್ದರೆ ‘ಅ’, ಪರಸ್ಪರ ಮಾತಾಡಿಕೊಳ್ಳದ ಇಬ್ಬರು ಒಂದೇ ಹೇಳಿದರೆ ‘ಆ’, ಒಬ್ಬರ ನೆನಪಾದರೆ ‘ಇ’. ಪುಸ್ತಕದಲ್ಲಿ ಅಂಕಿಯಲ್ಲಿ ಇಸವಿ ಅಚ್ಚಾಗುವುದು ‘ಅ’ ಇದ್ದರೆ ಮಾತ್ರ. ಮಿಕ್ಕವಕ್ಕೆ ‘ಹಿರಿಮಗಳು ಶಾಲೆಗೆ ಸೇರಿದ ಆಸುಪಾಸಿನಲ್ಲಿ’ ಎಂದು ಬರೆಯಿರಿ, ತಪ್ಪೇನಿಲ್ಲ. ಜನ ಇಸವಿಯನ್ನು ಇಸವಿಯಾಗಿ ನೆನಪಿಟ್ಟುಕೊಳ್ಳುವುದಿಲ್ಲ. ಮದುವೆ, ಹೆರಿಗೆ, ಬರಗಾಲ, ಮನೆ ಬದಲಿಸಿದ್ದು ಇಂಥವಕ್ಕೆ ಗಂಟು ಹಾಕಿ ನೆನಪಿಟ್ಟಿರುತ್ತಾರೆ. ಹಾಗೇ ಕೇಳಿ, ಲೆಕ್ಕ ಆಮೇಲೆ ನೀವು ಹಾಕಿಕೊಳ್ಳಿ.

ಎಲ್ಲ ಕಡೆ ಆಗುವ ತಪ್ಪುಗಳು ಎರಡು. ಕಲ್ಲಿನ ಮೇಲಿರುವುದು ಉದ್ಘಾಟನೆಯ ದಿನ. ಓದುವ ಕೋಣೆ ಅದಕ್ಕೆ ಮೂರು ವರ್ಷ ಮೊದಲೇ ಯಾರದೋ ಜಗಲಿಯಲ್ಲಿ ಶುರುವಾಗಿರಬಹುದು, ಅದಕ್ಕೆ ನಡವಳಿ ಪುಸ್ತಕ ನೋಡಬೇಕು. ಇನ್ನೊಂದು ಹುದ್ದೆ. ಸಹಕಾರ್ಯದರ್ಶಿಯಾಗಿದ್ದವರು ನೆನಪಿನಲ್ಲಿ ಕಾರ್ಯದರ್ಶಿಯಾಗಿ, ಆಮೇಲೆ ಸ್ಥಾಪಕ ಅಧ್ಯಕ್ಷರಾಗಿ ಬೆಳೆದುಬಿಡುತ್ತಾರೆ. ನಿಜವಾದ ಸ್ಥಾಪಕರ ಮಕ್ಕಳು ಆ ಪುಸ್ತಕ ಓದುತ್ತಾರೆ ಎಂಬುದು ನೆನಪಿರಲಿ.

ಧ್ವನಿಸುರುಳಿ

ಮಾತು ದಾಖಲಿಸುವ ಬಗ್ಗೆ. ಫೋನು ಸಾಕು, ಆದರೆ ಅದರಲ್ಲಿ ಮೊದಲೇ ಇರುವ ರೆಕಾರ್ಡರ್ ಸಾಮಾನ್ಯವಾಗಿ ಧ್ವನಿಯನ್ನು ಹಿಂಡಿ ಸಣ್ಣದು ಮಾಡುತ್ತದೆ. ವೇವ್ (ಧ್ವನಿಯನ್ನು ಹಿಂಡದ ಕಡತ) ಮಾದರಿಯಲ್ಲಿ, 48 ಕಿಲೋಹರ್ಟ್ಸ್, 24 ಬಿಟ್, ಮೋನೊ ಉಳಿಸುವ ಆ್ಯಪ್ ಹಾಕಿಕೊಳ್ಳಿ. ಒಂದು ಗಂಟೆಗೆ ಸುಮಾರು 520 ಎಂಬಿ ಆಗುತ್ತದೆ, 18 ಜನರಿಗೆ ತಲಾ ಎರಡು ಗಂಟೆ ಎಂದರೆ 19 ಜಿಬಿ ಹತ್ತಿರ. ಕೊರಳಪಟ್ಟಿಗೆ ಸಿಕ್ಕಿಸುವ ಮೈಕು ಬಾಯಿಂದ ಒಂದು ಗೇಣು ಕೆಳಗಿರಲಿ, ಸೆರಗು ಅಥವಾ ಸರ ಅದಕ್ಕೆ ಉಜ್ಜದಂತೆ ನೋಡಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಫ್ಯಾನು, ಫ್ರಿಜ್ಜು, ಗೋಡೆ ಗಡಿಯಾರ, ಒಲೆಯ ಮೇಲಿನ ಕುಕ್ಕರ್ ಈ ನಾಲ್ಕೂ ಮಾತನ್ನು ಹಾಳು ಮಾಡುತ್ತವೆ. ಒಂದು ನಿಮಿಷ ಮಾತಾಡಿಸಿ, ಇಯರ್‌ಫೋನಿನಲ್ಲಿ ಕೇಳಿ ನೋಡಿ, ಆಮೇಲೆ ಮುಂದುವರಿಸಿ. ಅರ್ಧ ಗಂಟೆ ಮಾತಾಡಿದ ಮೇಲೆ ಏನೂ ದಾಖಲಾಗಿಲ್ಲ ಎಂದು ಗೊತ್ತಾದರೆ ಎರಡನೇ ಸಲ ಅದೇ ಮಾತು ಅದೇ ಬಿಸಿಯಲ್ಲಿ ಬರುವುದಿಲ್ಲ.

ಶುರುವಿನಲ್ಲೇ ದಿನಾಂಕ, ಸ್ಥಳ, ಯಾರ ಜೊತೆ ಎಂದು ಹೇಳಿಬಿಡಿ. ‘ಇದನ್ನು ಪುಸ್ತಕದಲ್ಲಿ ಬಳಸಬಹುದೇ, ಹೆಸರು ಹಾಕಬಹುದೇ’ ಎಂದೂ ಅಲ್ಲೇ ಕೇಳಿ, ಒಪ್ಪಿಗೆ ಧ್ವನಿಯಲ್ಲೇ ಇರಲಿ. ಒಂದು ಸಲ ಕೂತರೆ 60ರಿಂದ 75 ನಿಮಿಷ. ಅದಕ್ಕಿಂತ ಹೆಚ್ಚಾದರೆ ಹಿರಿಯರು ಸೋತು ‘ಎಲ್ಲಾ ಚೆನ್ನಾಗಿತ್ತು’ ಎಂದು ಮುಗಿಸಿಬಿಡುತ್ತಾರೆ.

ಈಗ ಮುಖ್ಯವಾದದ್ದು. ‘ಅವರ ಸತ್ಕಾರ ಹೇಗಿತ್ತು?’ ಎಂದು ಕೇಳಿದರೆ ‘ಅಯ್ಯೋ, ದೇವರಂಥವರು’ ಎಂಬ ಉತ್ತರವೇ ಬರುತ್ತದೆ. ತಪ್ಪು ಉತ್ತರದ್ದಲ್ಲ, ಪ್ರಶ್ನೆಯದು. ಗುಣ ಕೇಳಿದರೆ ಗುಣವಿಶೇಷಣ ಸಿಗುತ್ತದೆ, ಕೈಕೆಲಸ ಕೇಳಿ. ನೀವು ಹೋದಾಗ ಬಾಗಿಲು ತೆರೆಯುತ್ತಿದ್ದವರು ಯಾರು? ಚಪ್ಪಲಿ ಎಲ್ಲಿ ಬಿಡುತ್ತಿದ್ದಿರಿ? ಕೈಕಾಲು ತೊಳೆಯಲು ನೀರು ಎಲ್ಲಿರುತ್ತಿತ್ತು, ತುಂಬಿಸಿಡುತ್ತಿದ್ದವರು ಯಾರು? ಹೇಳದೆ ಕೇಳದೆ ಆರು ಜನ ಬಂದರೆ ಮನೆಯವರಿಗೆ ಎಷ್ಟು ಉಳಿಯುತ್ತಿತ್ತು? ರಾತ್ರಿ ತಂಗಿದರೆ ಹಾಸಿಗೆ ಎಲ್ಲಿಂದ ಬರುತ್ತಿತ್ತು, ಆ ರಾತ್ರಿ ಮಕ್ಕಳು ಎಲ್ಲಿ ಮಲಗುತ್ತಿದ್ದರು? ಹೊರಡುವಾಗ ಬಾಗಿಲವರೆಗೆ ಬರುತ್ತಿದ್ದರೋ, ಬಸ್ಸು ಹತ್ತಿಸುತ್ತಿದ್ದರೋ? ಹೀಗೆ ಕೇಳಿದರೆ, ಬೀಗವಿಲ್ಲದ ಹಿತ್ತಿಲ ಬಾಗಿಲು, ತಡವಾಗಿ ಬರುವವರಿಗೆಂದೇ ಕಿಟಕಿಯ ಅಂಚಿನಲ್ಲಿಟ್ಟ ಲಾಟೀನು, ಗೋಡೆಗೆ ಸುತ್ತಿ ನಿಲ್ಲಿಸಿದ ಹತ್ತು ಚಾಪೆ ಇಂಥವು ತಾವಾಗಿಯೇ ಹೊರಬರುತ್ತವೆ.

ನಕ್ಷೆ ಬರೆಸಿ. ಒಂದು ದೊಡ್ಡ ಹಾಳೆ, ಒಂದು ಪೆನ್ಸಿಲ್ ಕೊಟ್ಟು ‘ಆ ಮನೆ ಹೇಗಿತ್ತು, ಗೆರೆ ಎಳೆಯಿರಿ’ ಅನ್ನಿ. ಕೈ ಓಡಲು ಶುರುವಾದರೆ ಬಾಯಿ ಬಿಚ್ಚುತ್ತದೆ. ಯಾವ ಕೋಣೆಯಲ್ಲಿ ಯಾರು ಎಷ್ಟು ವರ್ಷ ಇದ್ದರು ಎಂಬುದೆಲ್ಲ ಗೆರೆ ಎಳೆಯುವಾಗಲೇ ಬರುತ್ತದೆ. ಗೆರೆ ಎಳೆಯುವಾಗ ‘ಇಲ್ಲಿ’, ‘ಆ ಕಡೆ’ ಎಂದರೆ ನೀವು ಜೋರಾಗಿ ‘ಅಡುಗೆಮನೆಯ ಎಡಕ್ಕೆ’ ಎಂದು ಹೇಳಿ, ಇಲ್ಲವಾದರೆ ಆಮೇಲೆ ಕೇಳುವಾಗ ಯಾವ ‘ಇಲ್ಲಿ’ ಎಂದು ತಿಳಿಯುವುದಿಲ್ಲ.

ಅವರು ನಿಲ್ಲಿಸಿದಾಗ ನೀವು ಮಾತು ತುಂಬಬೇಡಿ. ಮನಸ್ಸಿನಲ್ಲೇ ಏಳರವರೆಗೆ ಎಣಿಸಿ. ಬಹಳ ಸಲ ಒಳ್ಳೆಯ ವಾಕ್ಯ ಬರುವುದು ಐದು ಎಣಿಸಿದ ಮೇಲೆ.

ಕ್ಯಾಸೆಟ್ಟು ಮೂರೇ ಇದ್ದರೂ ಸುಮ್ಮನೆ ಹಾಕಿ ಕೇಳಿಬಿಡೋಣ ಎನ್ನಬೇಡಿ. ಹಳೆಯ ಟೇಪಿಗೆ ಅದೇ ಕೊನೆಯ ಓಟವಾಗಬಹುದು. ಮೊದಲು ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲು ಮುರಿಯಿರಿ, ಆಗ ಅದರ ಮೇಲೆ ಅಪ್ಪಿತಪ್ಪಿಯೂ ರೆಕಾರ್ಡ್ ಆಗುವುದಿಲ್ಲ. ಕಿಟಕಿಯಿಂದ ನೋಡಿ, ಸುರುಳಿಯ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಬೂಷ್ಟು ಹಿಡಿದಿದೆ, ಪ್ಲೇಯರಿಗೆ ಹಾಕದೆ ಬಲ್ಲವರ ಕೈಗೆ ಕೊಡಿ. ಚೆನ್ನಾಗಿದ್ದರೆ ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿ ಬಿಗಿ ಸಡಿಲಿಸಿ, ಪ್ಲೇಯರಿನ ಹೆಡ್ಡು (ಟೇಪು ತಾಗಿ ಹೋಗುವ ಲೋಹದ ಭಾಗ) ಒರೆಸಿ, ಮೊದಲ ಪ್ಲೇಯಿನಲ್ಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಧ್ವನಿ ಕಂಬಳಿ ಹೊದ್ದಂತೆ ಮಂಕಾಗಿ ಕೇಳಿದರೆ ಟೇಪು ಹಾಳಾಗಿದೆ ಎಂದೇ ತಿಳಿಯಬೇಡಿ. ಬೇರೆ ಯಂತ್ರದಲ್ಲಿ ರೆಕಾರ್ಡ್ ಆದದ್ದಕ್ಕೆ ಈ ಯಂತ್ರದ ಹೆಡ್ಡಿನ ಕೋನ ಹೊಂದಿರುವುದಿಲ್ಲ. ಹೆಡ್ಡಿನ ಪಕ್ಕದ ಪುಟ್ಟ ತಿರುಪನ್ನು ಕೇಳುತ್ತಾ ಕೇಳುತ್ತಾ ಒಂದಿಷ್ಟೇ ತಿರುಗಿಸಿದರೆ ಸ, ಶ ಅಕ್ಷರಗಳು ತೆರೆದುಕೊಳ್ಳುತ್ತವೆ.

ಬರಹಕ್ಕೆ ಇಳಿಸಲು ಒಂದು ಗಂಟೆಯ ಮಾತಿಗೆ ನಾಲ್ಕರಿಂದ ಆರು ಗಂಟೆ ಬೇಕು. 36 ಗಂಟೆಯನ್ನೂ ಇಳಿಸಲು ಕೂತರೆ ನಿಮ್ಮ ನಾಲ್ಕು ತಿಂಗಳು ಅಲ್ಲೇ ಮುಗಿಯುತ್ತದೆ. ಐದೈದು ನಿಮಿಷಕ್ಕೆ ಒಂದು ಸಾಲಿನ ವಿಷಯಸೂಚಿ ಬರೆದುಕೊಂಡು, ಪುಸ್ತಕಕ್ಕೆ ಬೇಕಾದ ಭಾಗ ಮಾತ್ರ ಅಕ್ಷರಶಃ ಇಳಿಸಿ.

ಬೆಳ್ಳಿತೆರೆ64

ಫೋಟೊ ಬಗ್ಗೆ ಚುಟುಕಾಗಿ. ಅಂಚೆಕಾರ್ಡಿನಷ್ಟು ದೊಡ್ಡದಾದರೆ 600 ಡಿಪಿಐ (ಅಂಗುಲಕ್ಕೆ ಎಷ್ಟು ಚುಕ್ಕೆ ಎಂಬ ಸ್ಕ್ಯಾನಿನ ಅಳತೆ), ಬೆಂಕಿಪೊಟ್ಟಣದಷ್ಟು ಚಿಕ್ಕದಾದರೆ 1200. ನೆಗೆಟಿವ್ ಸಿಕ್ಕರೆ ಅದನ್ನೇ 3200ರಲ್ಲಿ ಮಾಡಿ, ಪ್ರಿಂಟಿಗಿಂತ ಸಾಮಾನ್ಯವಾಗಿ ಮೇಲು. ಮೂಲಪ್ರತಿ ಗುಣಮಟ್ಟ ಕುಗ್ಗಿಸದ ಟಿಫ್‌ನಲ್ಲಿರಲಿ, ತಿದ್ದುವುದೆಲ್ಲ ನಕಲಿನ ಮೇಲೆ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ತರಿಸಿಕೊಳ್ಳಬೇಡಿ, ಅಲ್ಲಿ ಚಿತ್ರ ಕುಗ್ಗುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಅಂಟುಹಾಳೆಯ ಆಲ್ಬಮ್ ಇದ್ದರೆ ಎಚ್ಚರ. ಫೋಟೊ ಹಿಡಿದು ಎಳೆದರೆ ಮೇಲ್ಪದರ ಸುಲಿಯುತ್ತದೆ. ಹಲ್ಲು ಶುಚಿ ಮಾಡುವ ನೂಲನ್ನು ಫೋಟೊದ ಮೂಲೆಯಿಂದ ಹಿಂಬದಿಗೆ ತೂರಿಸಿ, ಗರಗಸದಂತೆ ಮೆಲ್ಲಗೆ ಆಡಿಸುತ್ತಾ ಬಿಡಿಸಿ. ಬಿಡದಿದ್ದರೆ ಹಾಳೆ ಸಮೇತ ಸ್ಕ್ಯಾನ್ ಮಾಡಿ. ಗಾಜಿಗೆ ಅಂಟಿದ ಚೌಕಟ್ಟಿನ ಫೋಟೊವನ್ನು ಬಿಡಿಸುವ ಪ್ರಯತ್ನವೇ ಬೇಡ, ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿ.

ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಸ್ಟುಡಿಯೋ ಮೊಹರು, ಯಾರದೋ ಕೈಬರಹದ ಒಂದು ತಾರೀಕು ನಿಮ್ಮ ‘ಇ’ಯನ್ನು ‘ಅ’ ಮಾಡಬಲ್ಲದು. ಹೊಸದಾಗಿ ಬರೆಯುವುದಾದರೆ ಮೆತ್ತನೆಯ ಪೆನ್ಸಿಲ್ಲಿನಲ್ಲಿ, ಅಂಚಿನಲ್ಲಿ ಮಾತ್ರ. ಬಾಲ್‌ಪೆನ್ನಿನ ಒತ್ತು ಮುಂಬದಿಯ ಮುಖದ ಮೇಲೆ ಗೆರೆಯಾಗಿ ಏಳುತ್ತದೆ.

ಗುಂಪು ಫೋಟೊದ ಹೆಸರು ಹಿಡಿಯಲು ಒಂದು ಉಪಾಯ: ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ತೆಗೆದು ಮೇಲೆ ಪಾರದರ್ಶಕ ಹಾಳೆ ಇಟ್ಟು, ಪ್ರತಿ ತಲೆಗೂ ಅಂಕಿ ಹಾಕಿ, ಇಬ್ಬರು ಹಿರಿಯರಿಗೆ ಬೇರೆಬೇರೆಯಾಗಿ ತೋರಿಸಿ. ಇಬ್ಬರೂ ಒಂದೇ ಹೆಸರು ಹೇಳಿದರೆ ಸರಿ. ಅಂಚಿನಲ್ಲಿ ಅರ್ಧ ಕತ್ತರಿಸಿಹೋದ ಹೆಂಗಸು, ತಟ್ಟೆ ಹಿಡಿದು ಹಿಂದೆ ನಿಂತ ಹುಡುಗ, ಇವರಿಗೂ ಅಂಕಿ ಹಾಕಿ.

ಹಳೇಪೆಟ್ಟಿಗೆ

ತುಂಬಾ ಉಪಕಾರವಾಯಿತು. ಇನ್ನೂ ಎರಡು ಸಂಶಯ. ನೆರವು ಪಡೆದವರ ವಿಷಯ ಬರೆಯಬೇಕೇ? ಶುಲ್ಕ ಕಟ್ಟಿಸಿಕೊಂಡವರು, ಮನೆಯಲ್ಲಿದ್ದು ಓದಿದವರು ಇಂದು ದೊಡ್ಡ ಸ್ಥಾನದಲ್ಲಿದ್ದಾರೆ. ಎರಡನೆಯದು, ಸಮಿತಿಯಲ್ಲಿ ಒಮ್ಮೆ ಜಗಳವಾಗಿ ಅವರು ಎರಡು ವರ್ಷ ದೂರ ಉಳಿದಿದ್ದರು. ಮನೆಯವರು ಅದು ಬೇಡ ಎನ್ನುತ್ತಾರೆ.

ಕರಡುತಿದ್ದು

ನೆರವಿನ ಬಗ್ಗೆ: ಕೊಟ್ಟ ನೆರವಿನ ಲೆಕ್ಕ ಬರೆಯಿರಿ, ಪಡೆದವರ ಹೆಸರು ಬೇಡ. ‘19 ವರ್ಷದಲ್ಲಿ 31 ವಿದ್ಯಾರ್ಥಿಗಳು ಈ ಮನೆಯಲ್ಲಿದ್ದು ಓದಿದರು’ ಎಂದು ನಿಮ್ಮ ಕಾಗದಗಳಿಂದ ಎಣಿಸಿ ಬರೆಯಲು ಸಾಧ್ಯವಾದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಕಿಲ್ಲ. ಯಾರಾದರೂ ತಾವೇ ಮುಂದೆ ಬಂದು ‘ನಾನು ಅಲ್ಲಿದ್ದೆ’ ಎಂದು ಬರೆದುಕೊಟ್ಟರೆ ಮಾತ್ರ ಹೆಸರು ಹಾಕಿ. ಅವರಿಗೂ ಅಚ್ಚಿಗೆ ಹೋಗುವ ಮುನ್ನ ಅವರ ಪುಟ ತೋರಿಸಿ. ಹೆಸರಿಲ್ಲದಿದ್ದರೂ ಊರು, ವರ್ಷ, ಇಂದಿನ ಹುದ್ದೆ ಮೂರೂ ಇದ್ದರೆ ಗುರುತು ಸಿಕ್ಕೇ ಸಿಗುತ್ತದೆ. ಮೂರರಲ್ಲಿ ಎರಡನ್ನಾದರೂ ಬಿಡಿ.

ಜಗಳದ ಬಗ್ಗೆ ಮನೆಯವರ ಮಾತು ನಡೆಯಲಿ, ಆದರೆ ಸುಳ್ಳು ಮಾತ್ರ ಬೇಡ. ‘40 ವರ್ಷ ಸತತವಾಗಿ’ ಎಂದು ಬರೆದರೆ ಅದು ಸುಳ್ಳಾಗುತ್ತದೆ. ‘ನಡುವೆ ಎರಡು ವರ್ಷ ಬಿಟ್ಟು’ ಎಂಬ ನಾಲ್ಕು ಪದ ಸಾಕು, ಕಾರಣ ಬೇಕಿಲ್ಲ. ಬಲ್ಲವರಿಗೆ ಪುಸ್ತಕದ ಮೇಲೆ ನಂಬಿಕೆ ಬರುವುದೇ ಆ ನಾಲ್ಕು ಪದದಿಂದ.

ಇನ್ನೊಂದು ಮಾತು ಒತ್ತಿ ಹೇಳಬೇಕು. ಒಂದು ಮನೆ 40 ವರ್ಷ ಬಾಗಿಲು ತೆರೆದಿಟ್ಟಿತ್ತು ಎಂದರೆ, ಆ ಬಾಗಿಲಿನ ಹಿಂದೆ ಅಷ್ಟೇ ವರ್ಷ ಯಾರೋ ಪಾತ್ರೆ ತೊಳೆದಿದ್ದಾರೆ. ಹೆಸರು ಒಬ್ಬರದಾಗಿ ದುಡಿಮೆ ಇನ್ನೊಬ್ಬರದಾಗಿದ್ದರೆ ಪುಸ್ತಕ ಅದನ್ನು ಹೇಳಲೇಬೇಕು. ಹೆಂಡತಿಯೋ ಗಂಡನೋ, ಅಕ್ಕನೋ, ಸೊಸೆಯೋ, ಮನೆಗೆಲಸದವರೋ, ಅವರ ಜೊತೆ ಪ್ರತ್ಯೇಕವಾಗಿ ಕೂತು ಕೇಳಿ: ದಿನಕ್ಕೆ ಎಷ್ಟು ಕೊಡ ನೀರು, ಎಷ್ಟು ಹೊತ್ತಿಗೆ ಏಳುತ್ತಿದ್ದಿರಿ, ಕೊನೆಯ ತಟ್ಟೆ ತೊಳೆಯುವಾಗ ಎಷ್ಟು ಗಂಟೆ. ಮನೆಯ ಬೇರೆ ಹಿರಿಯರ ಎದುರು ಕೇಳಿದರೆ ‘ನಂದೇನಿದೆ’ ಎನ್ನುತ್ತಾರೆ. ಬೇಸರದ ಮಾತೂ ಬರಬಹುದು, ಬರಲಿ. ಮೂಲ ಧ್ವನಿಯಲ್ಲಿ ಉಳಿಯಲಿ, ಪುಸ್ತಕಕ್ಕೆ ಎಷ್ಟು ಎಂಬುದನ್ನು ಅವರೇ ತೀರ್ಮಾನಿಸಲಿ.

ಬಂದ ಲೇಖನಗಳನ್ನು ತಿದ್ದುವಾಗ ಹೀಗೆ ಮಾಡಿ. ಗುಣವಿಶೇಷಣಗಳಿಗೆಲ್ಲ ಕೆಂಪು ಗೆರೆ ಎಳೆದು, ಲೇಖಕರಿಗೆ ಫೋನ್ ಮಾಡಿ, ‘ಕೊಡುಗೈ ಎಂದಿದ್ದೀರಿ, ನಿಮ್ಮ ಕಣ್ಣಿಗೆ ಬಿದ್ದ ಒಂದು ದಿನ ಹೇಳಿ’ ಎಂದು ಕೇಳಿ. ಅವರು ಹೇಳಿದ ಆ ದಿನವನ್ನು ಹಾಕಿ, ಕೊಡುಗೈ ತೆಗೆಯಿರಿ. ಮಾತಿನ ಧಾಟಿಯನ್ನು ಮಾತ್ರ ಗ್ರಾಂಥಿಕಕ್ಕೆ ತಿದ್ದಬೇಡಿ. ‘ಬಾರೋ, ಕೂತ್ಕೋ, ಆಮೇಲ್ ಮಾತು’ ಎಂಬುದು ‘ಬಾ, ಕುಳಿತುಕೋ, ಅನಂತರ ಮಾತನಾಡೋಣ’ ಆದರೆ ಆ ಮನುಷ್ಯ ಪುಟದಿಂದ ಎದ್ದು ಹೋಗುತ್ತಾರೆ.

ಐದು ನಿಮಿಷದ ಮಾತಿಗೆ 400ರಿಂದ 450 ಪದ ಸಾಕು. ಸಭೆಯಲ್ಲಿ ಗಂಟಲು ಕಟ್ಟುತ್ತದೆ, ನಡುವೆ ನಿಲ್ಲಬೇಕಾಗುತ್ತದೆ. ಮನೆಯಲ್ಲಿ ಗಡಿಯಾರ ಇಟ್ಟು ಜೋರಾಗಿ ಓದಿದಾಗ ನಾಲ್ಕು ನಿಮಿಷಕ್ಕೆ ಮುಗಿಯಬೇಕು. ಹುಟ್ಟು, ಓದು, ಹುದ್ದೆಗಳ ಪಟ್ಟಿ ಪುಸ್ತಕದಲ್ಲಿದೆ, ಮಾತಿನಲ್ಲಿ ಬೇಡ. ಒಂದೇ ಸಂಜೆ ಆರಿಸಿ, ಆ ಮನೆಯ ಒಂದು ಸಂಜೆ, ಯಾರು ಬಂದರು, ಏನಾಯಿತು. ಹಾಳೆಯ ಒಂದೇ ಮಗ್ಗುಲಲ್ಲಿ, ದೊಡ್ಡ ಅಕ್ಷರದಲ್ಲಿ, ವಾಕ್ಯ ಹಾಳೆಯ ಕೊನೆಯಲ್ಲಿ ತುಂಡಾಗದಂತೆ ಬರೆದುಕೊಳ್ಳಿ. ಇನ್ನೊಂದು ಪ್ರತಿ ಪಕ್ಕದವರ ಕೈಯಲ್ಲಿರಲಿ, ನಿಮಗೆ ಆಗದಿದ್ದರೆ ಅವರು ಓದುತ್ತಾರೆ.

ಮೊಳೆಜೋಡಣೆ

ಅಚ್ಚಿನ ಕಡೆಯಿಂದ. 64 ಪುಟ ಒಳ್ಳೆಯ ಲೆಕ್ಕ, 16 ಪುಟದ ನಾಲ್ಕು ಫಾರಂ (ಒಂದೇ ಹಾಳೆಯಲ್ಲಿ ಅಚ್ಚಾಗಿ ಮಡಚುವ ಪುಟಗಳ ಗುಂಪು). 66 ಆದರೆ ಎರಡು ಪುಟಕ್ಕಾಗಿ ಇನ್ನೊಂದು ಹಾಳೆಯ ಖರ್ಚು, ಹಾಗಾಗಿ ಆರಂಭದಲ್ಲೇ ಕಟ್ಟುನಿಟ್ಟು ಮಾಡಿ. ನಡುವೆ ಪಿನ್ ಹೊಡೆಯುವ ಹೊಲಿಗೆಗೆ 80 ಜಿಎಸ್‌ಎಂ (ಕಾಗದದ ತೂಕ, ಚದರ ಮೀಟರಿಗೆ ಗ್ರಾಂ) ಕಾಗದದಲ್ಲಿ 64 ಪುಟ ಮೇಲ್ಮಿತಿ ಎಂದುಕೊಳ್ಳಿ. ದಪ್ಪ ಆರ್ಟ್ ಪೇಪರ್ ಹಾಕಿದರೆ ಪುಸ್ತಕ ಬಾಯಿ ತೆರೆದು ನಿಲ್ಲುತ್ತದೆ, ಒಳಪುಟಗಳು ಹೊರಗೆ ಚಾಚಿ ಕತ್ತರಿಸುವಾಗ ಅಂಚಿನ ಪುಟಸಂಖ್ಯೆ ಹೋಗುತ್ತದೆ.

ಕನ್ನಡಕ್ಕೆ ಸಾಲಿನ ಅಂತರ ಧಾರಾಳವಾಗಿರಬೇಕು. 12 ಪಾಯಿಂಟ್ ಅಕ್ಷರಕ್ಕೆ 18 ಪಾಯಿಂಟ್ ಕೊಡಿ, ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಓದುಗರಲ್ಲಿ ಹೆಚ್ಚಿನವರು 70 ದಾಟಿದವರಾದರೆ 13 ಪಾಯಿಂಟ್ ಮಾಡಿ. ಲೇಖನಗಳು ಹಳೆಯ ನುಡಿ, ಬರಹ ಫಾಂಟಿನಲ್ಲಿ ಬಂದಿದ್ದರೆ ಯೂನಿಕೋಡಿಗೆ ಬದಲಾಯಿಸಿದ ಮೇಲೆ ಒಂದೊಂದು ಪದವನ್ನೂ ಓದಬೇಕು. ಅರ್ಕಾವತ್ತು ಜಾಗ ತಪ್ಪುವುದು, ದೀರ್ಘ ಕಳಚುವುದು, ಉದ್ಧರಣ ಚಿಹ್ನೆ ಬೇರೇನೋ ಆಗುವುದು ಸಾಮಾನ್ಯ. ಮುದ್ರಣಾಲಯಕ್ಕೆ ಕೊಡುವ ಪಿಡಿಎಫ್‌ನಲ್ಲಿ ಫಾಂಟ್ ಒಳಗೇ ಸೇರಿರಲಿ.

ಕರಡು ಮೂರು ಸಲ, ಮೂರನೆಯದು ವಿಷಯ ಗೊತ್ತಿಲ್ಲದವರಿಂದ. ಹೆಸರುಗಳಿಗೆಂದೇ ಒಂದು ಪ್ರತ್ಯೇಕ ಓದು ಇರಲಿ: ಇನಿಷಿಯಲ್, ಊರು, ‘ದಿವಂಗತ’ ಎಂಬುದು ಬದುಕಿರುವವರ ಮುಂದೆ ಬಿದ್ದಿದೆಯೇ ಎಂಬುದು. ಕೊನೆಯದು ನಿಜವಾಗಿಯೂ ಆಗುತ್ತದೆ.

ದಫ್ತರ

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಪುಸ್ತಕ ಮುಗಿದ ಮೇಲೆ ಉಳಿಯುವುದು ಧ್ವನಿಕಡತಗಳು. ಮೂರು ಪ್ರತಿ ಮಾಡಿ, ಎರಡು ಬೇರೆ ಬಗೆಯ ಸಾಧನದಲ್ಲಿ, ಒಂದು ಬೇರೆ ಮನೆಯಲ್ಲಿ. ಕಡತದ ಹೆಸರು ವರ್ಷ-ತಿಂಗಳು-ದಿನ, ಆಮೇಲೆ ಮಾತಾಡಿದವರ ಹೆಸರು, ಆಮೇಲೆ ಅಂಕಿ, ಆಗ ತಾನಾಗಿ ಕ್ರಮದಲ್ಲಿ ಕೂರುತ್ತವೆ. ವರ್ಷಕ್ಕೊಮ್ಮೆ ತೆರೆದು ಕೇಳಿ ನೋಡಲು ಕುಟುಂಬದ ಕಿರಿಯರೊಬ್ಬರನ್ನು ಈಗಲೇ ಗೊತ್ತುಮಾಡಿ. ಅಚ್ಚಾದ ಪುಸ್ತಕದ ಒಂದು ಪ್ರತಿಗೆ ಪುಟಪುಟಕ್ಕೂ ಖಾಲಿ ಹಾಳೆ ಸೇರಿಸಿ ಕಟ್ಟಿಸಿ. ಬಿಡುಗಡೆಯ ದಿನವೇ ಯಾರಾದರೂ ಬಂದು ‘ಈ ಫೋಟೊದಲ್ಲಿ ಮೂರನೆಯವರು ಅವರಲ್ಲ’ ಎನ್ನುತ್ತಾರೆ. ಆ ಪ್ರತಿ ಮತ್ತು ಒಂದು ಪೆನ್ಸಿಲ್ ಬಾಗಿಲ ಬಳಿಯ ಮೇಜಿನ ಮೇಲಿರಲಿ.